ಮನೆಯ ಸರ್ವರ್ ಬೇರೆ, ಪ್ರಯೋಗದ ಸರ್ವರ್ ಬೇರೆ

ಮನೆಯಲ್ಲಿ ಸರ್ವರ್ (ಸದಾ ಆನ್ ಇದ್ದು ಉಳಿದ ಸಾಧನಗಳಿಗೆ ಸೇವೆ ಕೊಡುವ ಕಂಪ್ಯೂಟರ್) ಇಡಬೇಕು ಅಂದುಕೊಂಡವರು ಮೊದಲು ಕೇಳುವುದು ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಪೆಟ್ಟಿಗೆ ನಿಂತುಹೋದರೆ ಅದರ ಜೊತೆಗೆ ಮನೆಯಲ್ಲಿ ಇನ್ನೇನೇನು ನಿಲ್ಲುತ್ತದೆ? "ಏನೂ ಇಲ್ಲ" ಎಂಬುದು ಉತ್ತರವಾದರೆ ಯಾರ ಅಡ್ಡಿಯೂ ಇಲ್ಲ, ನಡುರಾತ್ರಿ ಬೇಕಾದರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬದಲಿಸಿ. ಮನೆಮಂದಿಯ ಫೋಟೊ, ಇಂಟರ್‌ನೆಟ್, ಹಾಲ್‌ನ ದೀಪ ಎಲ್ಲವೂ ಅದೇ ಪೆಟ್ಟಿಗೆಗೆ ಗಂಟು ಬಿದ್ದಿದ್ದರೆ ಮಾತ್ರ, ನಿಮ್ಮ ಪ್ರತಿ ಪ್ರಯೋಗವೂ ಅವರ ದಿನಚರಿಯ ಮೇಲೆಯೇ ನಡೆಯುತ್ತದೆ.

ಆದ್ದರಿಂದ ಮನೆ ನೆಚ್ಚಿಕೊಂಡಿರುವ ಯಂತ್ರ ಬೇರೆ ಇರಲಿ, ಬಿಚ್ಚಿ ಕಟ್ಟಿ ಕಲಿಯುವ ಯಂತ್ರ ಬೇರೆ ಇರಲಿ. ಒಂದೇ ಯಂತ್ರದೊಳಗೆ ಎರಡು ವಿಎಂ (ಸಾಫ್ಟ್‌ವೇರಿನಿಂದಲೇ ಕಟ್ಟಿದ ಒಳಯಂತ್ರ) ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ವಿಎಂಗಳನ್ನು ನಡೆಸುವ ಹೈಪರ್‌ವೈಸರ್ ಅಪ್‌ಡೇಟ್ ಆದಾಗ, ರ‍್ಯಾಮ್ ಸೇರಿಸಲು ಮುಚ್ಚಳ ತೆಗೆದಾಗ, ಗ್ರಾಫಿಕ್ಸ್ ಕಾರ್ಡನ್ನು ವಿಎಂಗೆ ಒಪ್ಪಿಸಲು ಹೋಗಿ ಅವನ್ನು ಹೊತ್ತ ಇಡೀ ಯಂತ್ರ (ಹೋಸ್ಟ್) ನಿಂತಾಗ ಎರಡೂ ವಿಎಂಗಳು ಒಟ್ಟಿಗೇ ಹೋಗುತ್ತವೆ.

ಒಂದು ಹಾಳೆ ತೆಗೆದುಕೊಂಡು, ಈಗ ನಡೆಸುತ್ತಿರುವ ಮತ್ತು ಮುಂದೆ ನಡೆಸಬೇಕೆಂದಿರುವ ಸೇವೆಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಎರಡು ಅಂಕಿ ಹಾಕಿ: ಎಷ್ಟು ಹೊತ್ತು ನಿಂತಿದ್ದರೆ ಮನೆಯವರು ಸಹಿಸಬಹುದು, ಎಷ್ಟು ದಿನದ ಮಾಹಿತಿ ಹೋದರೆ ಪರವಾಗಿಲ್ಲ. ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಎರಡು ನಿಮಿಷ ನಿಂತರೂ ಕೂಗು ಕೇಳುತ್ತದೆ, ಆದರೆ ಅದರೊಳಗೆ ಕಳೆದುಕೊಳ್ಳುವಂಥದು ಏನೂ ಇಲ್ಲ. ಫೋಟೊಗಳದ್ದು ಇದಕ್ಕೆ ತದ್ವಿರುದ್ಧ: ಸರ್ವರ್ ಎರಡು ದಿನ ಮಲಗಿದರೂ ನಡೆಯುತ್ತದೆ, ಒಂದು ಚಿತ್ರ ಕಳೆದರೂ ಸಂಕಟ. ಕಲಿಯಲೆಂದು ಕಟ್ಟಿದ ಕುಬರ್ನೆಟಿಸ್ ಕ್ಲಸ್ಟರಿಗೆ (ಒಂದಾಗಿ ಕೆಲಸ ಮಾಡುವ ಯಂತ್ರಗಳ ಗುಂಪು) ಎರಡೂ ಕಡೆ "ಎಷ್ಟಾದರೂ" ಎಂದು ಬರೆಯಬಹುದು. ಈ ಹಾಳೆಯೇ ಯಂತ್ರಗಳನ್ನು ಆರಿಸಿಕೊಡುತ್ತದೆ. ಮೊದಲ ಅಂಕಿ ಚಿಕ್ಕದಿರುವ ಸೇವೆಗೆ ಕೈ ಹಚ್ಚದೆ ಬಿಡುವ ಪುಟ್ಟ ಯಂತ್ರ ಬೇಕು, ಎರಡನೆಯದು ಚಿಕ್ಕದಿರುವುದಕ್ಕೆ ಬ್ಯಾಕಪ್ ಬೇಕು.

ಯಂತ್ರ, ವ್ಯಾಟ್, ಸದ್ದು

ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್ ವಿದ್ಯುತ್. ಈ ಒಂದು ಸಂಖ್ಯೆ ನೆನಪಿದ್ದರೆ ಉಳಿದ ಲೆಕ್ಕ ಬಾಯಲ್ಲೇ ಆಗುತ್ತದೆ. ಸುಮ್ಮನೆ ಕೂತಿರುವಾಗ 10 ವ್ಯಾಟ್ ಎಳೆಯುವ ಮಿನಿ ಪಿಸಿ ವರ್ಷಕ್ಕೆ 88 ಯೂನಿಟ್ ತಿನ್ನುತ್ತದೆ. ಕಚೇರಿಯೊಂದು ಕಳಚಿಹಾಕಿದ ಹಳೆಯ ಎರಡು ಪ್ರೊಸೆಸರ್‌ಗಳ ರ‍್ಯಾಕ್ ಸರ್ವರ್ ಸುಮ್ಮನಿದ್ದಾಗಲೇ 150 ವ್ಯಾಟ್ ಎಳೆದರೆ ಅದು 1,314 ಯೂನಿಟ್. ಅಗ್ಗಕ್ಕೆ ಸಿಕ್ಕಿತೆಂದು ತಂದ ಯಂತ್ರ ತನ್ನ ಬೆಲೆಯನ್ನು ಕರೆಂಟ್ ಬಿಲ್ಲಿನಲ್ಲಿ ವಸೂಲು ಮಾಡುತ್ತದೆ. ಜೊತೆಗೆ, ರ‍್ಯಾಕಿನ ಒಂದೇ ಅಂಕಣದಷ್ಟು (1ಯು) ಎತ್ತರದ ರ‍್ಯಾಕ್ ಸರ್ವರ್‌ಗಳಲ್ಲಿರುವುದು 40 ಮಿಲಿಮೀಟರಿನ ಫ್ಯಾನುಗಳು. ಅಷ್ಟು ಚಿಕ್ಕ ರೆಕ್ಕೆಯಿಂದ ಬೇಕಾದಷ್ಟು ಗಾಳಿ ತಳ್ಳಲು ಅವು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿರುವ ಮನೆಗೆ ಆ ಸದ್ದು ಒಗ್ಗುವುದಿಲ್ಲ.

ಮನೆಯ ಕೆಲಸಕ್ಕೆ 2023ರಲ್ಲಿ ಬಂದ ಇಂಟೆಲ್ ಎನ್100 ಥರದ ಪ್ರೊಸೆಸರ್ ಸಾಕುಬೇಕಾಗುತ್ತದೆ: ನಾಲ್ಕು ಕೋರ್, 6 ವ್ಯಾಟ್‌ನ ವಿನ್ಯಾಸ, ವಿಡಿಯೊ ಪರಿವರ್ತನೆಗೆ ಪ್ರತ್ಯೇಕ ಯಂತ್ರಾಂಶ. 16 ಜಿಬಿ ರ‍್ಯಾಮ್ ಹಾಕಿದರೆ ಫೋಟೊ ಸರ್ವರ್, ಜೆಲ್ಲಿಫಿನ್ (ವಿಡಿಯೊ ಸರ್ವರ್), ಪಾಸ್‌ವರ್ಡ್ ಖಜಾನೆ, ಕಾಗದಪತ್ರಗಳ ಸ್ಕ್ಯಾನ್ ಎಲ್ಲವೂ ಅದರಲ್ಲೇ ನಡೆಯುತ್ತವೆ. ಪ್ರಯೋಗಕ್ಕೆಂದು ಸೆಕೆಂಡ್‌ಹ್ಯಾಂಡ್ ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೊ, ಎಲೈಟ್‌ಡೆಸ್ಕ್ ಮಿನಿ ಇಂಥವುಗಳಲ್ಲಿ ಒಂದೆರಡು ತಂದುಕೊಳ್ಳಿ. ಇವು ಹೆಚ್ಚುಕಡಿಮೆ ಒಂದು ಲೀಟರ್ ಗಾತ್ರದವು, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಕೆಲಸ ಮುಗಿದ ಮೇಲೆ ಆರಿಸಿಬಿಡಬಹುದು ಎಂಬುದು ಪ್ರಯೋಗದ ಯಂತ್ರ ಬೇರೆ ಇರುವುದರ ಇನ್ನೊಂದು ಲಾಭ. ವಾರಕ್ಕೆ ಆರು ಗಂಟೆ ಬಳಸುವ ಯಂತ್ರವನ್ನು 168 ಗಂಟೆ ಉರಿಸುವುದೇಕೆ? ಬೇಕಾದಾಗ ನೆಟ್‌ವರ್ಕಿನ ಮೂಲಕ ಸಂದೇಶ ಕಳಿಸುವ ವೇಕ್-ಆನ್-ಲ್ಯಾನ್‌ನಿಂದ ಎಬ್ಬಿಸಿದರಾಯಿತು.

ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ನಂಬಬೇಡಿ. ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಹಾಕುವ ಮೀಟರ್ ಒಂದಿರಲಿ. ಹೊಸ ಕಾರ್ಡ್ ಹಾಕಿದಾಗಲೆಲ್ಲ ಸುಮ್ಮನಿರುವ ಹೊತ್ತಿನ ವ್ಯಾಟ್ ಅಳೆಯಿರಿ. ಹಳೆಯ ಡಿಸ್ಕ್ ಕಂಟ್ರೋಲರ್ ಕಾರ್ಡೊಂದನ್ನು ಹಾಕಿದ ಕೂಡಲೇ ಮೀಟರ್ ಇಪ್ಪತ್ತು ವ್ಯಾಟ್ ಮೇಲೇರಬಹುದು. ಅದರಲ್ಲಿ ಕಾರ್ಡ್ ತಿನ್ನುವುದು ಅರ್ಧ ಮಾತ್ರ. ಉಳಿದದ್ದು ಪ್ರೊಸೆಸರಿನ ಪಾಲು, ಆ ಕಾರ್ಡಿನ ದೆಸೆಯಿಂದ ಅದು ಆಳವಾದ ನಿದ್ದೆಗೆ ಇಳಿಯಲಾಗದೆ ಎಚ್ಚರವಾಗಿರುತ್ತದೆ. ಪವರ್‌ಟಾಪ್ ಎಂಬ ಲಿನಕ್ಸ್ ತಂತ್ರಾಂಶ ಓಡಿಸಿ ಪ್ಯಾಕೇಜ್ ಸಿ-ಸ್ಟೇಟ್ (ಪ್ರೊಸೆಸರಿನ ನಿದ್ದೆಯ ಮಟ್ಟ) ಎಲ್ಲಿಯವರೆಗೆ ಇಳಿಯುತ್ತದೆ ನೋಡಿದರೆ ಇದು ತಿಳಿಯುತ್ತದೆ.

ಜಾಗದ ವಿಷಯ ಎರಡೇ ಮಾತು. ಬಾಗಿಲು ಮುಚ್ಚಿದ ಬೀರು ಬೇಡ, ಗಾಳಿಯಾಡಬೇಕು. ಹಾರ್ಡ್‌ಡಿಸ್ಕ್ ಇರುವ ಪೆಟ್ಟಿಗೆಯನ್ನು ಮರದ ಶೆಲ್ಫಿನ ಮೇಲೆ ನೇರ ಇಟ್ಟರೆ ಶೆಲ್ಫೇ ತಮಟೆಯಂತೆ ಗುಂಯ್‌ಗುಡುತ್ತದೆ, ಕೆಳಗೆ ದಪ್ಪ ರಬ್ಬರ್ ಹಾಸಿ.

ಡಿಸ್ಕುಗಳು

ಒಂದೇ ಗಾತ್ರದ ಎರಡು ಡಿಸ್ಕುಗಳ ಮಿರರ್ (ಒಂದೇ ಮಾಹಿತಿ ಎರಡರಲ್ಲೂ) ಮನೆಗೆ ಸಾಕು. ಕೊಳ್ಳುವಾಗ ಸಿಎಂಆರ್ (ಟ್ರ್ಯಾಕುಗಳು ಬೇರೆಬೇರೆಯಾಗಿರುವ ಬಗೆ) ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಡಿಸ್ಕುಗಳಲ್ಲಿ ಟ್ರ್ಯಾಕುಗಳು ಹಂಚಿನ ಮೇಲೆ ಹಂಚು ಹೊದಿಸಿದಂತೆ ಒಂದರ ಮೇಲೊಂದು ಸ್ವಲ್ಪ ಕೂತಿರುತ್ತವೆ. ಒಂದನ್ನು ತಿದ್ದಿ ಬರೆಯಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದು ಡಿಸ್ಕ್ ಸತ್ತು ಹೊಸದಕ್ಕೆ ಟೆರಾಬೈಟುಗಟ್ಟಲೆ ಒಂದೇ ಸಮನೆ ಬರೆಯಬೇಕಾದಾಗ ವೇಗ ಪಾತಾಳಕ್ಕಿಳಿದು, ಒಂದು ದಿನದಲ್ಲಿ ಮುಗಿಯಬೇಕಾದ ಮರುಜೋಡಣೆ ದಿನಗಟ್ಟಲೆ ಎಳೆಯುತ್ತದೆ. ಅಷ್ಟೂ ದಿನ ಉಳಿದಿರುವುದು ಒಂದೇ ಪ್ರತಿ.

ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬಳಸುವವರು ಪೂಲ್ (ಡಿಸ್ಕುಗಳ ಗುಂಪು) ಕಟ್ಟುವಾಗ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ಬಿಟ್ಟು ಡಿಸ್ಕಿನ ಗುರುತಿನ ಹೆಸರು ಕೊಡಿ. ಅದರಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಆ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಅಂಚಿಗೆ, ಹೊರತೆಗೆಯದೆಯೇ ಕಾಣುವ ಹಾಗೆ ಅಂಟಿಸಿ. ಮಿರರ್‌ನಲ್ಲಿ ಒಂದು ಕೆಟ್ಟಾಗ ಗಾಬರಿಯಲ್ಲಿ ಚೆನ್ನಾಗಿರುವುದನ್ನೇ ಕಿತ್ತುಹಾಕುವ ತಪ್ಪನ್ನು ಆ ಚೀಟಿ ತಪ್ಪಿಸುತ್ತದೆ.

ತಿಂಗಳಿಗೊಮ್ಮೆ ಸ್ಕ್ರಬ್ (ಬರೆದದ್ದನ್ನೆಲ್ಲ ಓದಿ ತಾಳೆ ನೋಡುವುದು), ವಾರಕ್ಕೊಮ್ಮೆ ಸ್ಮಾರ್ಟ್ ಪರೀಕ್ಷೆ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುವುದು). ಸ್ಮಾರ್ಟ್ ವರದಿಯಲ್ಲಿ ಉದ್ದದ ಪಟ್ಟಿ ಬರುತ್ತದಾದರೂ ನೋಡಬೇಕಾದದ್ದು ನಾಲ್ಕೇ ಸಾಲು. 5, 197, 198 ಎಂಬ ಸಂಖ್ಯೆಯ ಸಾಲುಗಳು ಡಿಸ್ಕಿನ ಮೇಲ್ಮೈಗೆ ಸಂಬಂಧಿಸಿದವು, ಸೊನ್ನೆಯಿಂದ ಮೇಲೆದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತರಿಸಿ. 199 ಏರುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕಿಗೆ ಹೊಡೆತವಿಲ್ಲ, ಅದು ಕೇಬಲ್ಲಿನ ದೋಷ. ಸಾಟಾ ಕೇಬಲ್ ಬದಲಿಸಿ ನೋಡಿ. ಆ ಅಂಕಿ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಡಿಎನ್‌ಎಸ್: ಮನೆಗೆ ಮೊದಲು ಗೊತ್ತಾಗುವ ನೋವು

ಜಾಹೀರಾತು ತಡೆಯಲು ಪೈ-ಹೋಲ್ ಅಥವಾ ಆಡ್‌ಗಾರ್ಡ್ ಹೋಮ್ (ಜಾಹೀರಾತು ತಾಣಗಳ ವಿಳಾಸ ಕೊಡಲು ಒಪ್ಪದ ಡಿಎನ್‌ಎಸ್ ಸರ್ವರ್) ಹಾಕುವುದು ಬಹಳ ಜನರ ಮೊದಲ ಪ್ರಯೋಗ. ಇಡೀ ಮನೆಯ ನೆಮ್ಮದಿಯನ್ನು ಒಂದು ಕಂಟೇನರಿಗೆ (ತಂತ್ರಾಂಶವನ್ನು ಬೇರೆಯಾಗಿಟ್ಟು ಓಡಿಸುವ ಪೊಟ್ಟಣ) ಕಟ್ಟುವುದೂ ಇದೇ. ಅದು ನಿಂತರೆ ತಂತಿ, ವೈಫೈ, ಹೊರಗಿನ ಸಂಪರ್ಕ ಎಲ್ಲ ಸರಿಯಿದ್ದರೂ ಮನೆಯವರ ಪಾಲಿಗೆ ಇಂಟರ್‌ನೆಟ್ ಇಲ್ಲ.

ಇದಕ್ಕೆ ಎಲ್ಲರಿಗೂ ತಕ್ಷಣ ಹೊಳೆಯುವ ಉಪಾಯ, ರೂಟರಿನಲ್ಲಿ ಎರಡನೇ ಡಿಎನ್‌ಎಸ್ ಆಗಿ ಗೂಗಲ್ಲಿನ 8.8.8.8 ಕೊಟ್ಟುಬಿಡುವುದು. ಮೊದಲನೆಯದು ಸತ್ತಾಗ ಮಾತ್ರ ಎರಡನೆಯದು ಕೆಲಸಕ್ಕೆ ಬರುತ್ತದೆ ಎಂಬ ಎಣಿಕೆ. ನಿಜದಲ್ಲಿ ಹಾಗೆ ನಡೆಯುವ ಖಾತರಿ ಇಲ್ಲ. ಯಾವ ವಿಳಾಸವನ್ನು ಯಾವಾಗ ಕೇಳಬೇಕೆಂಬುದು ಆಯಾ ಸಾಧನದ ಇಚ್ಛೆ. ಕೆಲವು ಎರಡನ್ನೂ ಒಟ್ಟಿಗೆ ಕೇಳಿ ಮೊದಲು ಬಂದ ಉತ್ತರ ಹಿಡಿಯುತ್ತವೆ, ಕೆಲವು ಒಮ್ಮೆ ಎರಡನೆಯದಕ್ಕೆ ಜಾರಿದರೆ ಮತ್ತೆ ಹಿಂತಿರುಗುವುದೇ ಇಲ್ಲ. ಹೀಗಾಗಿ ಜಾಹೀರಾತು ಅರ್ಧ ತಡೆಯುತ್ತದೆ, ಮನೆಯೊಳಗಿನ ಹೆಸರುಗಳು ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಕಾಡುತ್ತವೆ. ಪೂರ್ತಿ ಕೆಟ್ಟದ್ದನ್ನು ಹುಡುಕುವುದಕ್ಕಿಂತ ಹೀಗೆ ಆಗೀಗ ಕೆಡುವುದನ್ನು ಹುಡುಕುವುದು ಹೆಚ್ಚು ಕಷ್ಟ.

ಸರಿಯಾದ ದಾರಿ ಎರಡು ಪೈ-ಹೋಲ್, ಎರಡು ಬೇರೆ ಯಂತ್ರಗಳ ಮೇಲೆ. ಒಂದು ಮನೆಯ ಮಿನಿ ಪಿಸಿಯಲ್ಲಿ, ಇನ್ನೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ (ಮುಂದೆ ಬರೀ "ಪೈ"). ಎರಡರ ವಿಳಾಸವನ್ನೂ ರೂಟರ್ ಹಂಚಲಿ. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ಮಾತ್ರ ರೂಟರಿನಲ್ಲೇ ಬಿಡಿ. ಸರ್ವರ್ ಸತ್ತ ಹೊತ್ತಿನಲ್ಲಿ ಹೊಸದಾಗಿ ವೈಫೈಗೆ ಸೇರುವ ಫೋನಿಗೆ ವಿಳಾಸವಾದರೂ ಸಿಗಬೇಕು. ಡಿಎನ್‌ಎಸ್ ವಿಳಾಸ ಬದಲಿಸಿದ ದಿನ ಇನ್ನೊಂದು ನೆನಪಿರಲಿ: ಹಂಚಿದ ವಿಳಾಸದ ಲೀಸ್ ಅವಧಿ 24 ಗಂಟೆ ಇದ್ದರೆ ಸಾಧನಗಳು ಅದನ್ನು ನವೀಕರಿಸುವುದು ಸುಮಾರು ಅರ್ಧ ಅವಧಿ ಕಳೆದ ಮೇಲೆ. ಅಲ್ಲಿಯವರೆಗೆ ಹಳೆಯ ಯಂತ್ರವನ್ನು ಆಫ್ ಮಾಡಬೇಡಿ, ಇಲ್ಲವೇ ಹಿಂದಿನ ದಿನವೇ ಲೀಸನ್ನು ಒಂದು ಗಂಟೆಗೆ ಇಳಿಸಿ.

"ಎಲ್ಲ ಸರಿಯಾಗಿ ಹಾಕಿದ್ದೇನೆ, ಆದರೂ ಫೋನುಗಳಲ್ಲಿ ಜಾಹೀರಾತು ಬರುತ್ತದೆ" ಎಂಬುದಕ್ಕೆ ಸಾಮಾನ್ಯವಾಗಿ ಐಪಿವಿ6 (ಐಪಿವಿ4ರ ಜೊತೆಗೇ ನಡೆಯುವ ಹೊಸ ವಿಳಾಸ ಪದ್ಧತಿ) ಕಾರಣ. ನೀವು ಐಪಿವಿ4ರ ಡಿಎನ್‌ಎಸ್ ಬದಲಿಸಿದ್ದೀರಿ, ರೂಟರ್ ತನ್ನ ಐಪಿವಿ6 ಪ್ರಕಟಣೆಯಲ್ಲಿ ತನ್ನದೇ ವಿಳಾಸವನ್ನು ಸಾರುತ್ತಲೇ ಇದೆ. ಅಲ್ಲೂ ಬದಲಿಸಬೇಕು. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್ ಮತ್ತು ಬ್ರೌಸರುಗಳು ತಾವೇ ನಡೆಸುವ ಗುಪ್ತ ಡಿಎನ್‌ಎಸ್ ಎರಡನೆಯ ಕಾರಣ. ಕಂಟೇನರಿನಲ್ಲಿ ಹಾಕುವವರಿಗೆ "53ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ" ಎಂಬ ದೂರು ಬರುತ್ತದೆ (ಪೋರ್ಟ್ ಎಂದರೆ ಯಂತ್ರದಲ್ಲಿ ಒಂದು ಸೇವೆಯ ಬಾಗಿಲಿನ ಸಂಖ್ಯೆ, 53 ಡಿಎನ್‌ಎಸ್‌ನದು). ಉಬುಂಟುವಿನಲ್ಲಿ 127.0.0.53ರ ಮೇಲೆ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಅದರದೇ ಡಿಎನ್‌ಎಸ್ ಸೇವೆ ಕೂತಿರುತ್ತದೆ, ಅದರ ಸ್ಟಬ್ ಲಿಸನರನ್ನು (ಆ ಪೋರ್ಟಿಗೆ ಕಿವಿಗೊಡುವ ಭಾಗ) ಆಫ್ ಮಾಡಿದರೆ ಪೋರ್ಟ್ ಬಿಡುವಾಗುತ್ತದೆ.

ಇನ್ನೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅದು ಕರೆಂಟ್ ಹೋಗಿ ಬಂದಾಗ ಮಾತ್ರ ತಲೆ ಎತ್ತುತ್ತದೆ. ಪೈ-ಹೋಲ್ ಜೊತೆ ಅನ್‌ಬೌಂಡ್ (ವಿಳಾಸಗಳನ್ನು ತಾನೇ ಹುಡುಕುವ ಡಿಎನ್‌ಎಸ್ ಸರ್ವರ್) ಹಾಕಿ ಡಿಎನ್‌ಎಸ್‌ಸೆಕ್ (ಉತ್ತರಗಳ ಸಹಿ ಪರೀಕ್ಷೆ) ಆನ್ ಮಾಡಿದ್ದೀರಿ ಎಂದುಕೊಳ್ಳಿ. ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕೊನೆಗೆ ಆರಿದಾಗ ಡಿಸ್ಕಿನಲ್ಲಿ ಬರೆದಿಟ್ಟ ಹೊತ್ತಿನಿಂದಲೇ ಅದು ಮತ್ತೆ ಎಣಿಸಲು ಶುರು ಮಾಡುತ್ತದೆ. ಹಲವು ದಿನ ಆರಿಸಿಟ್ಟ ಪೈ ಎದ್ದಾಗ ಅದರ ಪಾಲಿಗೆ ಇವತ್ತು ಹಳೆಯ ತಾರೀಖು. ಡಿಎನ್‌ಎಸ್‌ಸೆಕ್ ಸಹಿಗಳಿಗೆ "ಇಂಥ ದಿನದಿಂದ ಇಂಥ ದಿನದವರೆಗೆ" ಎಂಬ ಮಿತಿ ಇರುವುದರಿಂದ ಅದರ ಕಣ್ಣಿಗೆ ಎಲ್ಲ ಸಹಿಗಳೂ ಸುಳ್ಳು, ಎಲ್ಲ ಉತ್ತರಗಳಿಗೂ ನಿರಾಕರಣೆ. ಗಡಿಯಾರ ಸರಿಮಾಡಿಕೊಳ್ಳಲು ಎನ್‌ಟಿಪಿ ಸರ್ವರ್ ಬೇಕು, ಅದರ ಹೆಸರಿನಿಂದ ವಿಳಾಸ ಪಡೆಯಲು ಡಿಎನ್‌ಎಸ್ ಬೇಕು, ಡಿಎನ್‌ಎಸ್ ನಡೆಯಲು ಗಡಿಯಾರ ಸರಿಯಿರಬೇಕು. ಮೂರೂ ಒಂದರ ಮುಖ ಒಂದು ನೋಡುತ್ತ ಕೂರುತ್ತವೆ. ಎನ್‌ಟಿಪಿ ಸರ್ವರನ್ನು ಹೆಸರಿನ ಬದಲು ಅಂಕಿಯ ವಿಳಾಸದಲ್ಲಿ ಕೊಟ್ಟರೆ, ಅಥವಾ ರೂಟರೇ ಸಮಯ ಹೇಳುವಂತಿದ್ದರೆ ರೂಟರಿನ ವಿಳಾಸ ಕೊಟ್ಟರೆ ಗಂಟು ಬಿಚ್ಚಿಕೊಳ್ಳುತ್ತದೆ.

ಇದೇ ಜಾತಿಯ ಸುತ್ತು ಬೇರೆ ಕಡೆಗಳಲ್ಲೂ ಇದೆ. ಪ್ರಾಕ್ಸ್‌ಮಾಕ್ಸ್ (ಒಂದು ಹೈಪರ್‌ವೈಸರ್) ಹೋಸ್ಟಿನ ಡಿಎನ್‌ಎಸ್ ಅದರೊಳಗಿನ ವಿಎಂ ಆಗಿರಬಾರದು. ವಿಎಂಗಳ ಡಿಸ್ಕ್ ನೆಟ್‌ವರ್ಕಿನ ಆಚೆ ಇದ್ದು, ಆ ನೆಟ್‌ವರ್ಕನ್ನು ನಡೆಸುವ ರೂಟರ್ ಅದೇ ವಿಎಂಗಳಲ್ಲಿ ಒಂದಾಗಿರಬಾರದು. ಹಾಗೆಯೇ ಎರಡೇ ನೋಡ್‌ಗಳ (ಯಂತ್ರಗಳ) ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್ ಕಟ್ಟಿದರೆ, ಒಂದು ನೋಡ್ ಆರಿದಾಗ ಉಳಿದದ್ದಕ್ಕೆ ಬಹುಮತ ಇಲ್ಲದೆ ಹೊಸದಾಗಿ ಯಾವ ವಿಎಂ ಅನ್ನೂ ಎಬ್ಬಿಸುವುದಿಲ್ಲ. ಮೂರನೇ ಮತವಾಗಿ ಪೈ ಮೇಲೆ ಒಂದು ಕ್ಯೂ-ಡಿವೈಸ್ ಇಡಬೇಕು, ಇಲ್ಲವೇ ಎರಡನ್ನೂ ಕ್ಲಸ್ಟರ್ ಮಾಡದೆ ಬಿಡಬೇಕು. ಮನೆಯ ಯಂತ್ರವನ್ನು ಪ್ರಯೋಗದ ಯಂತ್ರದ ಜೊತೆ ಕ್ಲಸ್ಟರ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪ್ರಯೋಗದ್ದನ್ನು ಬೇಕೆಂದಾಗ ಆಫ್ ಮಾಡುವ ಸ್ವಾತಂತ್ರ್ಯವೇ ಅಲ್ಲಿ ಹೋಗಿಬಿಡುತ್ತದೆ.

ದೀಪದ ಸ್ವಿಚ್ಚು ಸ್ವಿಚ್ಚಾಗಿಯೇ ಇರಲಿ

ಹೋಮ್ ಅಸಿಸ್ಟೆಂಟ್ (ಮನೆಯ ದೀಪ, ಸೆನ್ಸರುಗಳನ್ನು ನಿಯಂತ್ರಿಸುವ ತಂತ್ರಾಂಶ) ನಡೆಸುವವರು ಇಟ್ಟುಕೊಳ್ಳಬೇಕಾದ ಪರೀಕ್ಷೆ ಸರಳ: ಸರ್ವರ್ ಆಫ್ ಮಾಡಿ, ಮನೆಗೆ ಬಂದ ಅತಿಥಿ ಗೋಡೆಯ ಸ್ವಿಚ್ ಒತ್ತಿದರೆ ದೀಪ ಹತ್ತಬೇಕು. ಸ್ಮಾರ್ಟ್ ಬಲ್ಬ್ ಹಾಕಿದ ಕಡೆ ಯಾರೋ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿಗೆ ಕರೆಂಟೇ ಇಲ್ಲ, ಆಟೊಮೇಷನ್ ಅಲ್ಲಿಗೆ ಮುಗಿಯಿತು. ಸ್ವಿಚ್ಚಿನ ಹಿಂದಿನ ಡಬ್ಬಿಯಲ್ಲಿ ಕೂರುವ ರಿಲೇ ಮಾಡ್ಯೂಲ್ ಹಾಕಿದರೆ ಸ್ವಿಚ್ ಮೊದಲಿನಂತೆಯೇ ನಡೆಯುತ್ತದೆ, ಸರ್ವರ್ ಇದ್ದರೆ ಹೆಚ್ಚಿನ ಅನುಕೂಲ. ಬಹಳಷ್ಟು ಮಾಡ್ಯೂಲುಗಳಿಗೆ ಸ್ವಿಚ್ ಡಬ್ಬಿಯಲ್ಲಿ ನ್ಯೂಟ್ರಲ್ ತಂತಿ ಬೇಕು, ಅದು ಇದೆಯೇ ಎಂದು ಕೊಳ್ಳುವ ಮುಂಚೆ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.

ಝಿಗ್‌ಬೀ (ಸೆನ್ಸರು, ಬಲ್ಬುಗಳು ಮಾತಾಡುವ ರೇಡಿಯೊ ಪದ್ಧತಿ) ಡಾಂಗಲನ್ನು ಮಿನಿ ಪಿಸಿಯ ಯುಎಸ್‌ಬಿ 3 ಕಿಂಡಿಗೆ ನೇರ ಚುಚ್ಚಬೇಡಿ. ಯುಎಸ್‌ಬಿ 3ರ ಗದ್ದಲ ಝಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ, ಸೆನ್ಸರುಗಳು ಕಾರಣವಿಲ್ಲದೆ ಕಳಚಿಕೊಳ್ಳುತ್ತವೆ. ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟರೆ ಸಾಕು. ವೈಫೈ 1, 6, 11ನೇ ಚಾನೆಲ್‌ಗಳಲ್ಲಿ ಕೂತಿದ್ದರೆ ಝಿಗ್‌ಬೀಗೆ ನಡುವಿನ ಸಂದಿಗಳಾದ 15, 20 ಅಥವಾ ಕೊನೆಯಂಚಿನ 25 ಆರಿಸಿ. ಇದನ್ನು ಮೊದಲ ದಿನವೇ ಮಾಡಿ. ಐವತ್ತು ಸಾಧನ ಸೇರಿಸಿದ ಮೇಲೆ ಚಾನೆಲ್ ಬದಲಿಸಿದರೆ ಕೆಲವನ್ನಾದರೂ ಒಂದೊಂದಾಗಿ ಮತ್ತೆ ಜೋಡಿಸಬೇಕಾದೀತು.

ನೆಟ್‌ವರ್ಕ್ ಬೇರ್ಪಡಿಸುವಾಗ ಮೂರು ವಿಲ್ಯಾನ್ (ಒಂದೇ ತಂತಿಯ ಮೇಲೆ ನಡೆಯುವ ಬೇರೆಬೇರೆ ನೆಟ್‌ವರ್ಕ್) ಸಾಕು: ಮನೆ, ಸಾಧನಗಳು, ಪ್ರಯೋಗ. ಟಿವಿಯನ್ನು ಸಾಧನಗಳ ಕಡೆ ಹಾಕಿದ ದಿನವೇ ಫೋನಿನಿಂದ ಟಿವಿಗೆ ವಿಡಿಯೊ ಕಳಿಸುವುದು ನಿಲ್ಲುತ್ತದೆ. ಹುಡುಕಾಟಕ್ಕೆ ಬಳಸುವ ಎಂಡಿಎನ್‌ಎಸ್ ಒಂದು ವಿಲ್ಯಾನಿನಿಂದ ಇನ್ನೊಂದಕ್ಕೆ ದಾಟದಿರುವುದೇ ಕಾರಣ. ರೂಟರಿನಲ್ಲಿ ಅದನ್ನು ದಾಟಿಸುವ ಎಂಡಿಎನ್‌ಎಸ್ ರಿಫ್ಲೆಕ್ಟರ್ ಆನ್ ಮಾಡಬೇಕು, ಇಲ್ಲವಾದರೆ ಟಿವಿಯನ್ನು ಮನೆಯ ಕಡೆಯೇ ಬಿಡಬೇಕು. ಬಿಡುವುದರಲ್ಲಿ ತಪ್ಪೇನಿಲ್ಲ. ವಿಳಾಸಗಳಿಗೆ 192.168.0 ಮತ್ತು 192.168.1 ಬೇಡ. ಅರ್ಧ ಜಗತ್ತಿನ ರೂಟರುಗಳು ಅದನ್ನೇ ಬಳಸುವುದರಿಂದ ಹೊರಗಿನ ವೈಫೈಯಿಂದ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಗುಪ್ತ ಸುರಂಗ) ಹಾಕಿದಾಗ ಎರಡೂ ಕಡೆಯ ವಿಳಾಸ ಒಂದೇ ಆಗಿ ಮನೆ ತಲುಪುವುದೇ ಇಲ್ಲ. 10ರಿಂದ ಶುರುವಾಗುವ ಯಾವುದಾದರೂ ಅಪರೂಪದ ಸಂಖ್ಯೆ ತೆಗೆದುಕೊಳ್ಳಿ.

ಹೊರಗಿನಿಂದ ಬರಲು ವೈರ್‌ಗಾರ್ಡ್ ಎಂಬ ವಿಪಿಎನ್ ಒಂದೇ ಬಾಗಿಲು ಸಾಕು. ಉಳಿದ ಯಾವ ಪೋರ್ಟನ್ನೂ ಹೊರಗೆ ತೆರೆಯಬೇಡಿ. ಬ್ರೌಸರಿನ ಎಚ್ಚರಿಕೆ ಇಲ್ಲದೆ ಮನೆಯವರು ಸೇವೆಗಳನ್ನು ಬಳಸಬೇಕೆಂದರೆ ಸ್ವಂತ ಡೊಮೇನ್ ತೆಗೆದುಕೊಂಡು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಡಿಎನ್‌ಎಸ್-01 (ಡೊಮೇನಿನ ಡಿಎನ್‌ಎಸ್‌ನಲ್ಲಿ ಗುರುತು ಬರೆದು ತೋರಿಸುವ) ವಿಧಾನದಿಂದ ಪ್ರಮಾಣಪತ್ರ ಪಡೆಯಿರಿ. ಇದಕ್ಕೆ ಯಾವ ಪೋರ್ಟೂ ತೆರೆದಿರಬೇಕಿಲ್ಲ. ಅವಧಿ ಮುಗಿಯುತ್ತಿದೆ ಎಂದು ಅವರು ಕಳಿಸುತ್ತಿದ್ದ ಇಮೇಲ್ 2025ರಲ್ಲಿ ನಿಂತಿದೆ, ಹಾಗಾಗಿ ಆ ದಿನಾಂಕದ ಮೇಲೆ ನಿಮ್ಮದೇ ಕಣ್ಣಿರಲಿ. ಕಂಟೇನರ್ ನಡೆಸಲು ಡಾಕರ್ ಬಳಸುವವರಿಗೆ ಒಂದು ಎಚ್ಚರಿಕೆ: ಡಾಕರ್ ಪ್ರಕಟಿಸಿದ ಪೋರ್ಟುಗಳು ಯುಎಫ್‌ಡಬ್ಲ್ಯು ಫೈರ್‌ವಾಲಿನ ನಿಯಮಗಳನ್ನು ದಾಟಿಕೊಂಡು ಹೋಗುತ್ತವೆ. ಮುಚ್ಚಿದ್ದೇನೆ ಎಂದುಕೊಂಡ ಡೇಟಾಬೇಸ್ ತೆರೆದೇ ಇರಬಹುದು. ಪೋರ್ಟ್ ಕೊಡುವಾಗ ಮುಂದೆ 127.0.0.1 (ಆ ಯಂತ್ರಕ್ಕಷ್ಟೇ ಕಾಣುವ ವಿಳಾಸ) ಸೇರಿಸಿ. ಇಮೇಲ್ ಸರ್ವರ್ ಮನೆಯಲ್ಲಿ ಬೇಡ. ಇಮೇಲಿನ 25ನೇ ಪೋರ್ಟನ್ನು ಇಂಟರ್‌ನೆಟ್ ಕಂಪನಿಯವರು ಸಾಮಾನ್ಯವಾಗಿ ಮುಚ್ಚಿರುವುದು, ಮನೆ ವಿಳಾಸಗಳನ್ನು ಯಾರೂ ನಂಬದಿರುವುದು ಇವೆಲ್ಲ ಸೇರಿ, ಶಾಲೆಗೆ ಕಳಿಸಿದ ಪತ್ರ ಸ್ಪ್ಯಾಮಿನಲ್ಲಿ ಬಿದ್ದಿದ್ದು ವಾರದ ಮೇಲೆ ತಿಳಿಯುತ್ತದೆ.

ಫೋಟೊ ಮತ್ತು ಅದರ ಬ್ಯಾಕಪ್

ಮನೆಯವರು ನಿಮ್ಮ ಸರ್ವರಿಗೆ ಒಪ್ಪಿಸುವ ಅತಿ ಬೆಲೆಯುಳ್ಳ ವಸ್ತು ಫೋಟೊ. ಇಲ್ಲಿ ಅಸಡ್ಡೆಗೆ ಜಾಗವೇ ಇಲ್ಲ. ಮಿರರ್ ಇದೆ ಎಂದು ಸುಮ್ಮನಿರಬೇಡಿ. ಒಂದು ಆಲ್ಬಮ್ಮನ್ನು ತಪ್ಪಿ ಅಳಿಸಿದರೆ ಮಿರರ್ ಅದನ್ನು ಎರಡೂ ಡಿಸ್ಕಿನಿಂದ ಒಂದೇ ಕ್ಷಣದಲ್ಲಿ ಅಳಿಸುತ್ತದೆ.

ಇಮಿಚ್ ಥರದ ಫೋಟೊ ಸರ್ವರಿನಲ್ಲಿ ಎರಡು ಭಾಗಗಳಿವೆ: ಚಿತ್ರಗಳ ಕಡತಗಳು ಒಂದು ಕಡೆ, ಆಲ್ಬಮ್, ಮುಖಗಳ ಹೆಸರು, ಯಾರದು ಯಾವುದು ಎಂಬ ವಿವರವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ. ಕಡತಗಳಿಗೆ ಅರ್ಥವಾಗುವ ಹೆಸರಿಡುವ ಸ್ಟೋರೇಜ್ ಟೆಂಪ್ಲೇಟ್ ಆನ್ ಮಾಡದಿದ್ದರೆ ಕಡತದ ಹೆಸರು ಕೂಡ ಉದ್ದನೆಯ ಗುರುತಿನ ಸಂಖ್ಯೆ. ಡೇಟಾಬೇಸ್ ಹೋದರೆ ಕೈಗೆ ಸಿಗುವುದು ಹೆಸರಿಲ್ಲದ ಸಾವಿರಾರು ಚಿತ್ರಗಳ ರಾಶಿ. ಆದ್ದರಿಂದ ಎರಡನ್ನೂ ಉಳಿಸಬೇಕು. ಓಡುತ್ತಿರುವ ಪೋಸ್ಟ್‌ಗ್ರೆಸ್‌ನ ಫೋಲ್ಡರನ್ನು ಹಾಗೆಯೇ ನಕಲು ಮಾಡಿದರೆ ನಡೆಯದು. ನಕಲು ಶುರುವಾದಾಗಿನ ಪುಟ ಒಂದು ಕ್ಷಣದ್ದು, ಮುಗಿಯುವಾಗಿನದು ಇನ್ನೊಂದು ಕ್ಷಣದ್ದು, ಎರಡೂ ತಾಳೆಯಾಗುವುದಿಲ್ಲ. ಬ್ಯಾಕಪ್ "ಯಶಸ್ವಿ" ಎಂದೇ ತೋರಿಸುತ್ತದೆ, ಮರಳಿಸಿದಾಗ ಡೇಟಾಬೇಸ್ ಏಳುವುದಿಲ್ಲ.

ರಾತ್ರಿ ನಡೆಯಬೇಕಾದ ಕ್ರಮ ಹೀಗಿರಲಿ. ಎರಡು ಗಂಟೆಗೆ ಪೋಸ್ಟ್‌ಗ್ರೆಸ್‌ನದೇ ಪಿಜಿ-ಡಂಪ್‌ನಿಂದ ಡೇಟಾಬೇಸಿನ ಪ್ರತಿ ಕಡತವಾಗಿ ಬರಲಿ, ಅದು ಸೊನ್ನೆ ಗಾತ್ರದ್ದಲ್ಲವೇ ಎಂದು ಸ್ಕ್ರಿಪ್ಟ್ ನೋಡಲಿ. ಆಮೇಲೆ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಆ ಕಡತವನ್ನೂ ಚಿತ್ರಗಳ ಫೋಲ್ಡರನ್ನೂ ಒಟ್ಟಿಗೆ ತೆಗೆದುಕೊಳ್ಳಲಿ. ಡಂಪ್ ಮೊದಲು, ಚಿತ್ರಗಳು ಆಮೇಲೆ ಎಂಬ ಸರದಿ ಮುಖ್ಯ. ಆಗ ಡೇಟಾಬೇಸ್ ಹೆಸರಿಸುವ ಪ್ರತಿ ಚಿತ್ರವೂ ಬ್ಯಾಕಪ್ಪಿನಲ್ಲಿ ಇರುತ್ತದೆ, ನಡುವೆ ಬಂದ ಒಂದೆರಡು ಹೊಸ ಚಿತ್ರ ಹೆಚ್ಚಾಗಿ ಇರಬಹುದು ಅಷ್ಟೆ. ಥಂಬ್‌ನೇಲ್ ಮತ್ತು ಪರಿವರ್ತಿತ ವಿಡಿಯೊ ಬಿಡಬಹುದು, ಅವು ಮತ್ತೆ ತಯಾರಾಗುತ್ತವೆ. ಏಳು ದಿನದ್ದು, ನಾಲ್ಕು ವಾರದ್ದು, ಹನ್ನೆರಡು ತಿಂಗಳದ್ದು ಇಟ್ಟುಕೊಳ್ಳಿ. ಒಂದು ಪ್ರತಿ ಮನೆಯಲ್ಲೇ ಬೇರೆ ಡಿಸ್ಕಿನಲ್ಲಿ, ಒಂದು ಮನೆಯ ಹೊರಗೆ. ಹೊರಗಿನದಕ್ಕೆ ನೆಂಟರ ಮನೆಯಲ್ಲಿಟ್ಟ ಪೈ ಮತ್ತು ಒಂದು ಡಿಸ್ಕ್ ಸಾಕು, ರೆಸ್ಟಿಕ್‌ನ ಸರ್ವರನ್ನು "ಸೇರಿಸಬಹುದು, ಅಳಿಸುವಂತಿಲ್ಲ" ಎಂಬ ಸ್ಥಿತಿಯಲ್ಲಿ ನಡೆಸಿ. ಮನೆಯ ಸರ್ವರಿಗೆ ಯಾರಾದರೂ ನುಗ್ಗಿದರೂ ಅಲ್ಲಿಂದ ಹಳೆಯ ಪ್ರತಿಗಳನ್ನು ಅಳಿಸಲಾಗದು.

ಮೂರು ತಿಂಗಳಿಗೊಮ್ಮೆ ಪ್ರಯೋಗದ ಯಂತ್ರಕ್ಕೆ ನಿಜವಾದ ಕೆಲಸ ಕೊಡಿ: ಹೊರಗಿನ ಬ್ಯಾಕಪ್ಪಿನಿಂದ ಡೇಟಾಬೇಸ್ ಇಳಿಸಿ, ಒಂದು ವರ್ಷದ ಚಿತ್ರಗಳನ್ನು ಇಳಿಸಿ, ಇಮಿಚ್ ಎಬ್ಬಿಸಿ, ಮನೆಯವರಿಗೆ ಗೊತ್ತಿರುವ ಒಂದು ಆಲ್ಬಮ್ ತೆರೆಯಿರಿ. ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ಇದೊಂದನ್ನು ಮಾಡಿದವರಿಗೆ ಪೋಸ್ಟ್‌ಗ್ರೆಸ್ ಆವೃತ್ತಿಯ ಪಾಠವೂ ಸಿಗುತ್ತದೆ. 15ರಲ್ಲಿ ಬರೆದ ಫೋಲ್ಡರನ್ನು 16 ಓದುವುದಿಲ್ಲ, ಕಡತಗಳು ಹೊಂದುವುದಿಲ್ಲ ಎಂದು ಹೇಳಿ ನಿಲ್ಲುತ್ತದೆ. ಡಂಪ್ ಇದ್ದರೆ ತೊಂದರೆ ಇಲ್ಲ. ಕಂಟೇನರ್ ಇಮೇಜಿನ (ತಂತ್ರಾಂಶದ ಕಟ್ಟಿನ) ಹೆಸರಿಗೆ "ಲೇಟೆಸ್ಟ್" ಎಂದು ಬರೆದು ತಾನಾಗಿ ಅಪ್‌ಡೇಟ್ ಆಗಲು ಬಿಟ್ಟವರ ಮನೆಯಲ್ಲಿ ಬೆಳಿಗ್ಗೆ ಎದ್ದಾಗ ಕಾಣುವುದು ಇದೇ. ಮನೆಯ ಸೇವೆಗಳಿಗೆಲ್ಲ ಆವೃತ್ತಿ ಸಂಖ್ಯೆ ಖಚಿತವಾಗಿ ಬರೆಯಿರಿ.

ಬ್ಯಾಕಪ್ ವಿಫಲವಾದರೆ ಸಂದೇಶ ಬರಲಿ ಎನ್ನುವುದಕ್ಕಿಂತ, ಸಫಲವಾದ ಸಂದೇಶ 26 ಗಂಟೆ ಬರದಿದ್ದರೆ ಎಚ್ಚರಿಸು ಎನ್ನುವ ಏರ್ಪಾಡು ಮೇಲು. ಸತ್ತ ಯಂತ್ರ ತಾನು ಸತ್ತೆ ಎಂದು ಹೇಳಲಾರದು. ಅಪ್‌ಟೈಮ್ ಕೂಮಾ ಎಂಬ ಕಾವಲು ತಂತ್ರಾಂಶದಲ್ಲಿ ಪುಶ್ ಮಾನಿಟರ್ ಇದನ್ನೇ ಮಾಡುತ್ತದೆ, ಅದು ಮನೆಯ ಸರ್ವರಿನ ಮೇಲಲ್ಲದೆ ಪೈ ಮೇಲೆ ಇರಲಿ. ಡಾಕರ್ ಲಾಗಿಗೆ (ನಡೆದದ್ದನ್ನು ಬರೆದಿಡುವ ಕಡತ) ಮಿತಿ ಹಾಕಿ, 10 ಎಂಬಿಯ ಮೂರು ಕಡತ ಸಾಕು. ಮಿತಿಯಿಲ್ಲದ ಲಾಗ್ ಡಿಸ್ಕನ್ನು ತುಂಬಿ ಡೇಟಾಬೇಸನ್ನು ನಿಲ್ಲಿಸುವುದು ಬಲು ಸಾಮಾನ್ಯ.

ಕರೆಂಟ್ ಹೋದಾಗ

ಯುಪಿಎಸ್ ಕೊಳ್ಳುವಾಗ ವಿಎ (ವೋಲ್ಟ್-ಆಂಪಿಯರ್) ನೋಡದೆ ವ್ಯಾಟ್ ನೋಡಿ. 600 ವಿಎ ಎಂದಿರುವುದು ಸಾಮಾನ್ಯವಾಗಿ 360 ವ್ಯಾಟ್. ರೂಟರ್, ಫೈಬರ್ ಡಬ್ಬಿ, ಪೈ ಮೂರನ್ನೂ ಅದಕ್ಕೇ ಹಾಕಿ. ಸರ್ವರಷ್ಟೇ ಉರಿಯುತ್ತ ಉಳಿದು ಇಂಟರ್‌ನೆಟ್ ಹೋದರೆ ಮನೆಯವರಿಗೇನು ಬಂತು? ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಪೈಗೆ ಹಾಕಿ, ಅದರಲ್ಲಿ ನಟ್ ಎಂಬ ಯುಪಿಎಸ್ ಕಾವಲು ತಂತ್ರಾಂಶ ಓಡಿಸಿ, ಉಳಿದ ಯಂತ್ರಗಳು ಅದನ್ನು ಕೇಳಲಿ. "ಬ್ಯಾಟರಿ ಮುಗಿಯುತ್ತಿದೆ" ಎಂಬ ಸೂಚನೆಗಾಗಿ ಕಾಯಬೇಡಿ. ಮೂರು ವರ್ಷದ ಬ್ಯಾಟರಿ 60 ಶೇಕಡಾ ಎಂದು ತೋರಿಸುತ್ತಲೇ ಒಮ್ಮೆಲೇ ಕುಸಿಯಬಹುದು. ಕರೆಂಟ್ ಹೋಗಿ ಐದು ನಿಮಿಷವಾದರೆ ಡಿಸ್ಕ್ ಇರುವ ಯಂತ್ರ ಆರಲಿ, ರೂಟರ್ ಮತ್ತು ಪೈ ಮುಂದುವರಿಯಲಿ ಎಂದು ಸಮಯಕ್ಕೆ ಕಟ್ಟಿ.

ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ಏಳುವ ಆಯ್ಕೆ ಹಾಕಿದ್ದರೂ ಒಂದು ಸಂದಿ ಉಳಿಯುತ್ತದೆ. ಸರ್ವರ್ ಆರಲು ಶುರುವಾದ ಮೇಲೆ, ಬ್ಯಾಟರಿ ಮುಗಿಯುವುದರೊಳಗೆ ಕರೆಂಟ್ ಬಂದುಬಿಟ್ಟರೆ, ಯುಪಿಎಸ್‌ನಿಂದ ಬರುವ ವಿದ್ಯುತ್ ಒಮ್ಮೆಯೂ ತುಂಡಾಗಿರುವುದಿಲ್ಲ. ತುಂಡಾಗದ್ದರಿಂದ ಮತ್ತೆ ಏಳಬೇಕೆಂದು ಅದಕ್ಕೆ ತಿಳಿಯುವುದೂ ಇಲ್ಲ. ಕರೆಂಟ್ ಬಂದ ಎರಡು ನಿಮಿಷಕ್ಕೆ ಪೈ ಕಡೆಯಿಂದ ಒಂದು ವೇಕ್-ಆನ್-ಲ್ಯಾನ್ ಸಂದೇಶ ಹೋಗುವಂತೆ ಮಾಡಿ. ಎದ್ದೇ ಇದ್ದರೆ ಅದರಿಂದ ತೊಂದರೆಯೇನಿಲ್ಲ.

ಮನೆಮಂದಿಯ ಕೈಗೆ

ಪುಟ್ಟ ಮಕ್ಕಳಿಗೆ ಹೊಳೆಯುವ ಗುಂಡಿ ಕಂಡರೆ ಒತ್ತದೆ ಇರಲಾಗದು. ಲಿನಕ್ಸ್‌ನ ಸಿಸ್ಟಮ್‌ಡಿಯ ಲಾಗಿನ್‌ಡಿ ಸೆಟ್ಟಿಂಗ್ ಕಡತದಲ್ಲಿ ಪವರ್ ಕೀಲಿಯನ್ನು "ಇಗ್ನೋರ್" ಮಾಡಿದರೆ ಒಮ್ಮೆ ಒತ್ತಿದ್ದಕ್ಕೆ ಸರ್ವರ್ ಆರುವುದಿಲ್ಲ. ಹಿಡಿದು ಒತ್ತಿದರೆ ಮಾತ್ರ ಆರುತ್ತದೆ, ಅದಕ್ಕೆ ಗುಂಡಿಯ ಮುಂದೆ ಅಡ್ಡ ಬೇಕು.

ಮಾರ್ಪಾಡಿಗೆ ಹೊತ್ತು ಗೊತ್ತು ಇರಲಿ. ಮನೆಯ ಯಂತ್ರಕ್ಕೆ ಕೈ ಹಾಕುವುದು ವಾರಕ್ಕೆ ಒಂದೇ ಸಲ, ಎಲ್ಲರೂ ಹೊರಗಿರುವ ಎರಡು ಗಂಟೆ, ಮುಂಚೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ), ಕೊನೆಯ ಅರ್ಧ ಗಂಟೆ ಹಿಂದಕ್ಕೆ ಹೋಗಲು ಮೀಸಲು. ಒಂದೂವರೆ ಗಂಟೆಯಾದರೂ ಸರಿಹೋಗದಿದ್ದರೆ ಸ್ನ್ಯಾಪ್‌ಶಾಟಿಗೆ ಮರಳಿ, ಕಾರಣವನ್ನು ಪ್ರಯೋಗದ ಯಂತ್ರದಲ್ಲಿ ಹುಡುಕಿ. ಪರೀಕ್ಷೆಯ ಹಿಂದಿನ ಸಂಜೆ, ಊರಿಗೆ ಹೊರಡುವ ಹಿಂದಿನ ದಿನ ಯಾವ ಅಪ್‌ಡೇಟೂ ಬೇಡ.

ರೂಟರಿನ ಪಕ್ಕ ಒಂದು ಕಾಗದ ಇಡಿ. ಅದರಲ್ಲಿ ತಂತ್ರಜ್ಞಾನದ ಪದ ಇರಬಾರದು. "ಇಂಟರ್‌ನೆಟ್ ಬರದಿದ್ದರೆ ಹಸಿರು ಚೀಟಿಯ ಡಬ್ಬಿಯ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಹತ್ತು ನಿಮಿಷ ಕಾದರೂ ಬರದಿದ್ದರೆ ಕೆಂಪು ಚೀಟಿಯ ಕೇಬಲನ್ನು ಈ ಕಿಂಡಿಯಿಂದ ತೆಗೆದು ಆ ಕಿಂಡಿಗೆ ಹಾಕಿ." ಆ ಎರಡನೇ ಸಾಲು ನಿಮ್ಮ ಏರ್ಪಾಡನ್ನೆಲ್ಲ ಬದಿಗಿಟ್ಟು ಕಂಪನಿಯವರು ಕೊಟ್ಟ ರೂಟರಿನ ಸ್ವಂತ ವೈಫೈಗೆ ಮನೆಯನ್ನು ಮರಳಿಸುವ ದಾರಿಯಾಗಿರಬೇಕು. ಆ ವೈಫೈನ ಹೆಸರು ಮತ್ತು ಪಾಸ್‌ವರ್ಡ್ ಕೂಡ ಕಾಗದದಲ್ಲಿರಲಿ. ಬೇರೊಂದು ಲಕೋಟೆಯಲ್ಲಿ ರೆಸ್ಟಿಕ್ ಪಾಸ್‌ವರ್ಡ್, ಡಿಸ್ಕಿನ ಗುಪ್ತಕೀಲಿ, ಪಾಸ್‌ವರ್ಡ್ ಖಜಾನೆಯ ಮುಖ್ಯ ಪಾಸ್‌ವರ್ಡ್ ಬರೆದು ದಾಖಲೆಪತ್ರಗಳ ಜೊತೆ ಇಡಿ. ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಆ ಬ್ಯಾಕಪ್ಪನ್ನು ಯಾರೂ ತೆರೆಯಲಾರರು. ಅದನ್ನು ಅದೇ ಸರ್ವರಿನ ವಾಲ್ಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಖಜಾನೆಯಲ್ಲಿ ಮಾತ್ರ ಇಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಮನೆಯ ಇನ್ನೊಬ್ಬ ದೊಡ್ಡವರಿಗೆ ಆ ಲಕೋಟೆ ಎಲ್ಲಿದೆ ಎಂದು ಗೊತ್ತಿರಲಿ, ಅದರೊಳಗಿನ ಹಾಳೆಯಲ್ಲಿ ಫೋಟೊಗಳನ್ನು ಸಾಮಾನ್ಯ ಹಾರ್ಡ್‌ಡಿಸ್ಕಿಗೆ ತೆಗೆದುಕೊಡಬಲ್ಲ ಗೆಳೆಯರೊಬ್ಬರ ಹೆಸರೂ ಇರಲಿ.

ಇದೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ವರ್ಷಕ್ಕೆರಡು ಸಲ, ಮೊದಲೇ ಹೇಳಿ, ಪ್ರಯೋಗದ ಯಂತ್ರಗಳ ಪ್ಲಗ್ ಕಿತ್ತು ಒಂದು ದಿನ ಬಿಡಿ. ಯಾರೂ ಏನೂ ಕೇಳದಿದ್ದರೆ ಬೇರ್ಪಡಿಸಿದ್ದು ಸರಿಯಾಗಿದೆ. ಯಾರಾದರೂ "ಅದು ಬರ್ತಿಲ್ಲ" ಎಂದರೆ ಆ ಸೇವೆಯನ್ನು ಅವತ್ತೇ ಹಾಳೆಯಲ್ಲಿ ಮೇಲಿನ ಸಾಲಿಗೆ ಬರೆದು, ಮುಂದಿನ ವಾರದ ಎರಡು ಗಂಟೆಯಲ್ಲಿ ಮನೆಯ ಯಂತ್ರಕ್ಕೆ ಸಾಗಿಸಿ.